ವೀಸಾ ಬಂತು, ಅಮ್ಮನೂ ಬಂದಳು

ಹೋದ ವಾರ ಸೋಮವಾರಪೇಟೆಗೆ ಹೋದಾಗ ಒಂದು ರವಿಕೆ ಹೊಲಿಯಲು ಕೊಟ್ಟೆ. ಟೈಲರ್ ಹುಡುಗಿ ಹೊಸಬಳು. ನನ್ನ ತೋಳಿಗೆ ಟೇಪು ಸುತ್ತಿದವಳು ಅಳತೆ ಬರೆದುಕೊಳ್ಳುವುದನ್ನು ಬಿಟ್ಟು, "ಇದೇನಜ್ಜಿ, ನಾಣ್ಯ ಕಾಯಿಸಿ ಒತ್ತಿದಂಗದೆ?" ಎಂದು ಕೇಳಿದಳು. ದಾಕು ಹಾಕಿದ ಕಲೆ ಎಂದೆ. ಅವಳಿಗೆ ದಾಕು ಎಂಬ ಮಾತೇ ಗೊತ್ತಿಲ್ಲ. ಗೊತ್ತಿರಲಿ ಎಂದು ಬಯಸುವುದೂ ತಪ್ಪು ಬಿಡಿ. ಸಿಡುಬು ಬಾರದಿರಲೆಂದು ತೋಳಿಗೆ ಚುಚ್ಚುತ್ತಿದ್ದ ಮದ್ದಿಗೆ ನಮ್ಮ ಕಡೆ ದಾಕು ಎನ್ನುತ್ತಿದ್ದರು. ಸಿಡುಬೇ ಲೋಕ ಬಿಟ್ಟು ಹೋದ ಮೇಲೆ ದಾಕನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಮುದುಕಿಯರ ತೋಳು ಮಾತ್ರ ನೆನಪಿಟ್ಟುಕೊಂಡಿದೆ.

ನನಗೆ ದಾಕು ಹಾಕಿದ್ದು ಸ್ಕೂಲಿನಲ್ಲಿ. ದಾಕಿನವರು ಬಂದರು ಎಂಬ ಸುದ್ದಿ ಬಾಗಿಲಿಗೆ ಮುಟ್ಟುವ ಮೊದಲೇ ನಾನು ಕಿಟಕಿಯಿಂದ ಹಾರಿ, ಪಕ್ಕದ ಸಾಹುಕಾರರ ಕಾಫಿ ಕಣಕ್ಕೆ ಓಡಿ, ಅಲ್ಲಿ ಪೇರಿಸಿದ್ದ ಗೋಣಿಚೀಲಗಳ ಸಂದಿಯಲ್ಲಿ ಅಡಗಿದ್ದೆ. ಒಣಕಾಫಿಯ ಸಿಪ್ಪೆಯ ಧೂಳು ಮೂಗಿಗೆ ಏರಿ ಸೀನು ಬಂತು. ಒಂದಲ್ಲ, ಸಾಲಾಗಿ ಬಂದವು. ಮೇಷ್ಟ್ರು ಕಿವಿ ಹಿಡಿದು ಎಳೆದೊಯ್ದು ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲಿಸಿದರು. ಮುಂದೆ ನಾನು ಮದುವೆಯಾಗಿ ಹೋದ ಮನೆಯಲ್ಲಿ, "ನಾನು ಚಿಕ್ಕಂದಿನಲ್ಲೇ ಧೈರ್ಯವಾಗಿ ಹಾಕಿಸಿಕೊಂಡವಳು" ಎಂದು ಹೇಳಿಕೊಂಡಿದ್ದೇನೆ. ಸೀನಿನ ವಿಚಾರ ಇವತ್ತು ನಿಮಗೆ ಹೇಳಿದ್ದೇ ಮೊದಲು.

ಆ ಟೈಲರ್ ಹುಡುಗಿಗೆ ಇನ್ನೊಂದು ಮಾತು ಹೇಳಬೇಕು ಅನಿಸಿತು. ಒಂದು ಕಾಲದಲ್ಲಿ ಕಡಲು ದಾಟಿ ಹೋಗುವವರಿಗೆ ಈ ಕಲೆ ಇಲ್ಲದಿದ್ದರೆ ಆಚೆ ದಡದಲ್ಲಿ ಇಳಿಯಲು ಬಿಡುತ್ತಿರಲಿಲ್ಲ. ಪಾಸ್‌ಪೋರ್ಟು ಒಂದು, ವೀಸಾ ಒಂದು, ತೋಳಿನ ಮೇಲೆ ಈ ಕಲೆ ಒಂದು. ನನ್ನ ಹಿಂದೆ ಇನ್ನೂ ಜನ ಕಾಯುತ್ತಿದ್ದರು, ಹೇಳಲಿಲ್ಲ. ಮನೆಗೆ ಬಂದು ನಿಮಗೆ ಹೇಳುತ್ತಿದ್ದೇನೆ.

ಕೊಡಗು ತಾನೇ ಒಂದು ರಾಜ್ಯವಾಗಿದ್ದ ಕಾಲ ಅದು. ಕುಶಾಲನಗರದ ಸೇತುವೆ ದಾಟಿದರೆ ಮೈಸೂರು ರಾಜ್ಯ. ಅಷ್ಟಕ್ಕೇ ನಮ್ಮ ಹೆಂಗಸರು "ಪರದೇಶಕ್ಕೆ ಹೋಗಿದ್ವಿ" ಎಂದು ಹೇಳಿಕೊಳ್ಳುತ್ತಿದ್ದರು. ಅಂಥ ಕಾಲದಲ್ಲಿ ನಮ್ಮ ಮನೆಯಿಂದ ಒಬ್ಬಳು ನಿಜವಾದ ಪರದೇಶಕ್ಕೆ, ಸಿಲೋನಿಗೆ, ಹೊರಟಳು. ನನ್ನ ಓರಗಿತ್ತಿ ಪಾರ್ವತಕ್ಕ.

ನಾನು ಸೋಮವಾರಪೇಟೆಯಿಂದ ಮಾದಾಪುರದ ಹತ್ತಿರದ ಆ ಮನೆಗೆ ಸೊಸೆಯಾಗಿ ಬರುವ ಹೊತ್ತಿಗೆ, ಹಿರಿಯ ಸೊಸೆ ಪಾರ್ವತಕ್ಕ ಗಂಡನನ್ನು ನೋಡಿ ಎಷ್ಟೋ ವರ್ಷವಾಗಿತ್ತು. ಭಾವ ಹತ್ತಿರದ ಎಸ್ಟೇಟಿನಲ್ಲಿ ರೈಟರಾಗಿದ್ದವರು. ಅಲ್ಲಿಯ ಬಿಳಿ ದೊರೆ ಸಿಲೋನಿನ ಟೀ ಎಸ್ಟೇಟಿಗೆ ಹೋಗುವಾಗ, ಲೆಕ್ಕಪತ್ರಕ್ಕೆ ನಂಬಿಕೆಯ ಮನುಷ್ಯ ಬೇಕೆಂದು ಇವರನ್ನೂ ಕರೆದುಕೊಂಡು ಹೋಗಿದ್ದ. ಆಗ ಇಷ್ಟೆಲ್ಲ ಕಾಗದ ಬೇಕಿರಲಿಲ್ಲವಂತೆ. ಒಂದು ವರ್ಷ ಕಳೆಯಲಿ, ಹೆಂಡತಿಯನ್ನು ಕರೆಸಿಕೊಳ್ಳುತ್ತೇನೆ ಎಂದು ಹೋದವರು. ಅಷ್ಟರಲ್ಲಿ ಇಲ್ಲಿಗೂ ಸ್ವಾತಂತ್ರ್ಯ ಬಂತು, ಅಲ್ಲಿಗೂ ಬಂತು, ನಡುವೆ ಕಾನೂನು ಬಂತು. ಭಾವ ಊರಿಗೆ ಬಂದರೆ ತಿರುಗಿ ಒಳಗೆ ಬಿಡುತ್ತಾರೆಂಬ ಖಾತ್ರಿ ಇಲ್ಲ. ಪಾರ್ವತಕ್ಕ ಹೋಗೋಣವೆಂದರೆ ವೀಸಾ ಬೇಕು. ಮದುವೆಯಾಗಿ ಗಂಡನ ಜೊತೆ ಅವಳು ಬಾಳಿದ್ದು ಎರಡು ಕಾಫಿ ಕುಯ್ಲು ಕಳೆಯುವಷ್ಟು ದಿನ ಮಾತ್ರ.

ಪಾಸ್‌ಪೋರ್ಟಿನ ಫೋಟೋಗೆ ಮಡಿಕೇರಿಗೆ ಹೋದದ್ದೇ ಒಂದು ಪುರಾಣ. ನಾನೂ ಜೊತೆಗೆ ಹೋಗಿದ್ದೆ, ಬಸ್ಸಿನಲ್ಲಿ ವಾಂತಿ ಮಾಡಲು. ಪಾರ್ವತಕ್ಕ ಗಟ್ಟಿಗಿತ್ತಿ, ನನ್ನ ಬೆನ್ನು ಸವರುತ್ತ ಕೂತಿದ್ದಳು. ಫೋಟೋದವನು ತಲೆಯ ಮೇಲಿನ ಸೆರಗು ತೆಗೆಸಿ, ಎರಡು ಕಿವಿಯೂ ಕಾಣಬೇಕೆಂದು ಕೂರಿಸಿ, ನಗಬಾರದು ಎಂದ. ಹಾಗೆ ಹೇಳಿದ ಮೇಲೆ ನಾನು ಅವನ ಹಿಂದೆ ನಿಂತು ನಕ್ಕೆ. ಅವಳು ನನ್ನನ್ನು ಕಂಡು ನಗು ತಡೆಯಲು ಹಲ್ಲು ಕಚ್ಚಿದಳು. ಅದೇ ಮುಖ ಫೋಟೋದಲ್ಲಿ ಬಂತು. ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿ, "ಯಾರ್ನೋ ಹೊಡ್ಯಕ್ಕೆ ಹೊಂಟಂಗದೆ. ಇದ್ನ ನೋಡುದ್ರೆ ಆ ಊರೋರು ಒಳಿಕ್ ಬಿಟ್ಕತಾರಾ?" ಎಂದರು.

ಬಿಟ್ಟುಕೊಳ್ಳಲು ಒಪ್ಪಿದರು. ಪಟೇಲರ ಸಹಿ, ಪೊಲೀಸಿನವರ ವಿಚಾರಣೆ, ಭಾವ ಅಲ್ಲಿಂದ ಕಳಿಸಿದ ದೊರೆಯ ಕಾಗದ, ಎಲ್ಲ ಮುಗಿದು ಮದ್ರಾಸಿನಿಂದ ರಿಜಿಸ್ಟರು ಅಂಚೆ ಬಂತು. ಮನೆಯವರೆಲ್ಲ ನನ್ನನ್ನು ನಡುಮನೆಯಲ್ಲಿ ಕೂರಿಸಿದರು. ಎಂಟನೇ ಕ್ಲಾಸು ಓದಿದ ಸೊಸೆ, ಇಂಗ್ಲೀಷು ಬಲ್ಲವಳು. ಬಲ್ಲೆನೋ ಇಲ್ಲವೋ ಗಟ್ಟಿಯಾಗಿ ಓದಿದೆ. ಅಕ್ಷರಗಳನ್ನು ಓದಿದೆ, ಅರ್ಥವನ್ನಲ್ಲ. ಆದರೆ ಒಂದು ತಾರೀಕು ಮಾತ್ರ ಯಾರಿಗಾದರೂ ಅರ್ಥವಾಗುವ ಹಾಗಿತ್ತು. ಆ ತಾರೀಕಿನ ಒಳಗೆ ಸಿಲೋನಿನ ದಡ ಮುಟ್ಟಬೇಕು, ಇಲ್ಲವಾದರೆ ವೀಸಾ ಸತ್ತ ಹಾಗೆ. ಇನ್ನೊಂದು ಸಲ ಕೊಡುವುದು ಅನುಮಾನ, ಕಾನೂನು ದಿನದಿನಕ್ಕೂ ಬಿಗಿಯಾಗುತ್ತಿದೆ ಎಂದು ಭಾವ ಮೊದಲೇ ಬರೆದಿದ್ದರು. ದಿನ ಧಾರಾಳವಾಗಿದೆ ಎಂದು ನಮ್ಮ ಯಜಮಾನರು ಹೇಳಿದರು. ದಾಕು ಒಂದು ಹಾಕಿಸಿ, ಅದು ಬೊಕ್ಕೆಯಾಗಿ ಎದ್ದಿದೆ ಎಂದು ಆಸ್ಪತ್ರೆಯವರು ಬರೆದುಕೊಟ್ಟರೆ ಮುಗಿಯಿತು. ಯಜಮಾನರೇ ಧನುಷ್ಕೋಡಿಯವರೆಗೆ ಹೋಗಿ ಹಡಗು ಹತ್ತಿಸಿ ಬರುವುದೆಂದು ತೀರ್ಮಾನವಾಯಿತು.

ಪಾರ್ವತಕ್ಕನಿಗೆ ಅಲ್ಲಿಯತನಕ ದಾಕು ಹಾಕಿರಲಿಲ್ಲ. ಅವಳ ತವರಿನಲ್ಲೂ ಈ ಮನೆಯಲ್ಲೂ ದಾಕಿನವರು ಬಂದರೆ ಹೆಂಗಸರು ತೋಟದೊಳಗೆ ಮಾಯವಾಗುತ್ತಿದ್ದರು. ನಮ್ಮ ಭಾಗಕ್ಕೆ ಬರುತ್ತಿದ್ದವನು ಕುಟ್ಟಪ್ಪನ್ ಎಂಬ ಮಲೆಯಾಳಿ. ಬಲು ಸಾಧು. ಸೂಜಿ ಚುಚ್ಚುವಾಗ ಅವನೇ ಕಣ್ಣು ಮುಚ್ಚುತ್ತಿದ್ದ. ಪಾರ್ವತಕ್ಕನ ತೋಳಿಗೆ ಎರಡು ಕಡೆ ಕೆರೆದು ಮದ್ದು ಹಚ್ಚಿ, ಮಜ್ಜಿಗೆ ಕುಡಿದು, ಎಂಟು ದಿನ ಬಿಟ್ಟು ಬಂದು ನೋಡುತ್ತೇನೆಂದು ಹೋದ.

ಅವನು ಕಾಲುಸಂಕ ದಾಟಿ ಮರೆಯಾಗುವುದನ್ನೇ ಅತ್ತೆ ಕಾಯುತ್ತಿದ್ದರು. ನಮ್ಮ ಮನೆಗೂ ಬಸ್ಸಿನ ರಸ್ತೆಗೂ ನಡುವೆ ಒಂದು ಹೊಳೆ, ಅದಕ್ಕೆ ಮರದ ಕಾಲುಸಂಕ. ಆತ ಅತ್ತ ಇಳಿದದ್ದೇ ತಡ, ಅತ್ತೆ ಬೇವಿನ ಸೊಪ್ಪು ಅರಿಶಿನ ಅರೆದು ತಂದು ಗಾಯ ತೊಳೆದು, ತಂಪಾಗಲೆಂದು ದಪ್ಪವಾಗಿ ಮೆತ್ತಿದರು. ಪಾಪ, ಬೇರೆ ಉದ್ದೇಶ ಅವರಿಗೆ ಇರಲಿಲ್ಲ. ಸಿಡುಬು ಎಂದರೆ ಅಮ್ಮ, ದೇವರು. ಯಾವನೋ ಬಂದು ಸೂಜಿಯಲ್ಲಿ ಅಮ್ಮನನ್ನು ಮೈಗೆ ಕರೆದು ಹೋಗಿದ್ದಾನೆ. ಕರೆದ ಮೇಲೆ ಉಪಚಾರ ಮಾಡದೆ ಇರಲಾದೀತೆ? ದಿನಾ ಎರಡು ಹೊತ್ತು ಉಪಚಾರ ನಡೆಯಿತು. ನಾನೂ ಬೇವು ಕಿತ್ತು ಕೊಟ್ಟೆ, ಎಂಟನೇ ಕ್ಲಾಸು ಓದಿದವಳು.

ಕುಟ್ಟಪ್ಪನ್ ಬಂದು ನೋಡಿದರೆ ತೋಳು ಮದುಮಗಳ ತೋಳಿನ ಹಾಗೆ ಹಳದಿಯಾಗಿ, ನುಣ್ಣಗೆ, ಏನೂ ಏಳದೆ ಇದೆ.

"ಎಂಡೆ ದೈವಮೇ," ಎಂದು ತಲೆ ಹಿಡಿದು ಕೂತ. "ಏನಮ್ಮಾ ಮಾಡಿದ್ದು? ಮದ್ದು ಎಲ್ಲಾ ತೊಳೆದು ತೆಗೆದಿರಲ್ಲಾ. ಎದ್ದಿಲ್ಲ ಅಂದ್ರೆ ನಾನು ಹೇಗೆ ಬರೆಯುವುದು? ಅಲ್ಲಿ ಹಡಗು ಹತ್ತುವ ಮುಂಚೆ ಮಂಡಪಂ ಕ್ಯಾಂಪಿನಲ್ಲಿ ತೋಳು ನೋಡ್ತಾರೆ, ತಿರುಗಿಸಿ ಕಳಿಸ್ತಾರೆ."

"ತಂಪು ಮಾಡ್ದೋ ಕಣಪ್ಪ," ಎಂದರು ಅತ್ತೆ. "ಮಾಡ್ದೆ ಇರಕ್ಕಾಯ್ತದಾ?"

ಮತ್ತೆ ಹಾಕಿದ. ಈ ಸಲ ನೀರು ಸೋಕಿಸಬಾರದೆಂದು ಯಜಮಾನರು ತಾಯಿಯ ಕೈಯಲ್ಲಿ ಆಣೆ ಮಾಡಿಸಿಕೊಂಡರು. ಈ ಸಲ ದಾಕು ಎದ್ದಿತು ನೋಡಿ, ಎರಡೂ ಕಡೆ ಹುಣಸೆ ಬೀಜದಷ್ಟು ದಪ್ಪ ಬೊಕ್ಕೆ, ಜೊತೆಗೆ ಜ್ವರ. ಕುಟ್ಟಪ್ಪನ್ ಸಂತೋಷದಿಂದ ಆಸ್ಪತ್ರೆಯ ಚೀಟಿ ತಂದುಕೊಟ್ಟ. ಇನ್ನು ಪ್ರಯಾಣಕ್ಕೆ ಅಡ್ಡಿಯಿಲ್ಲ ಎಂದ.

ಅಡ್ಡಿ ಆಗಲೇ ಬಾಗಿಲಿಗೆ ಬಂದಿತ್ತು. ಅತ್ತೆ ಬಾಗಿಲವಾಡಕ್ಕೆ ಬೇವಿನ ತೋರಣ ಕಟ್ಟಿದ್ದರು. ಅಂದರೆ ಮನೆಗೆ ಅಮ್ಮ ಬಂದಿದ್ದಾಳೆ. ಅವಳಿರುವವರೆಗೆ ಒಗ್ಗರಣೆ ಹಾಕುವಂತಿಲ್ಲ, ಕರಿಯುವಂತಿಲ್ಲ, ತಲೆ ಬಾಚುವಂತಿಲ್ಲ, ಗಟ್ಟಿಯಾಗಿ ಮಾತಾಡುವಂತಿಲ್ಲ. ಬೊಕ್ಕೆ ಒಣಗಿ ಹಕ್ಕಳೆ ಉದುರಿ, ಮೂರು ಸಲ ಬೇವಿನ ನೀರು ಹುಯ್ದು, ಮೊಸರನ್ನ ಎಡೆ ಇಟ್ಟು ಕಳಿಸಿಕೊಡುವ ತನಕ ಅಮ್ಮ ಬಂದ ಮೈ ಹೊಳೆ ದಾಟಬಾರದು. ಯಜಮಾನರು ಕ್ಯಾಲೆಂಡರಿನ ಮುಂದೆ ನಿಂತು ಲೆಕ್ಕ ಹಾಕಿದರು. ಮೊದಲ ದಾಕು ಕೆಟ್ಟಿದ್ದರಿಂದ ದಿನ ಪೋಲಾಗಿತ್ತು. ಮೂರನೇ ನೀರು ಹುಯ್ಯುವುದರೊಳಗೆ ವೀಸಾದ ತಾರೀಕು ದಾಟಿಹೋಗುತ್ತಿತ್ತು.

"ಅವ್ವ, ಅದು ಕಾಯಿಲೆ ಅಲ್ಲ ಕಣವ್ವ, ಕಾಯಿಲೆ ಬರ್ದಿರ್ಲಿ ಅಂತ ಹಾಕದು," ಎಂದರು ಯಜಮಾನರು.

"ಬೊಕ್ಕೆ ಎದ್ದದಾ ಇಲ್ವಾ?"

"ಎದ್ದದೆ."

"ಜರ ಬಂದದಾ ಇಲ್ವಾ?"

"ಬಂದದೆ."

"ಮತ್ತೆ?" ಎಂದು ಅತ್ತೆ ಒಳಗೆ ಹೋದರು.

ಯಜಮಾನರು ಪಾರ್ವತಕ್ಕನ ಕಡೆ ತಿರುಗಿ, "ಅತ್ಗೆ, ನೀವು ಹೂಂ ಅನ್ನಿ, ನಾಳೇನೆ ಕರ್ಕೊಂಡು ಹೊಂಟ್ಬುಡ್ತೀನಿ," ಎಂದರು. ಅವಳು ನೆಲ ನೋಡುತ್ತ, "ಅತ್ತೆ ಕಳ್ಸಿಕೊಟ್ರೆ ಹೋಯ್ತೀನಿ. ಅವ್ರ ಮನ್ಸು ಮುರ್ದು ಹೊಸಿಲು ದಾಟಲ್ಲ," ಎಂದಳು. ನನಗೆ ಮೈಯೆಲ್ಲ ಉರಿಯಿತು. ಹಿಂದಿನ ದಿನ ಹಿತ್ತಲಲ್ಲಿ ಅವಳು ನನಗೊಬ್ಬಳಿಗೇ ಹೇಳಿದ್ದಳು, "ಅವ್ರ ಮುಖ ಮರ್ತೋಯ್ತಾ ಅದೆ ಕಣೆ. ಕಣ್ಮುಚ್ಚುದ್ರೆ ಮೀಸೆ ಒಂದೇ ಕಾಣದು. ಅದೂ ಈಗ ಅದೆಯೋ ತೆಗ್ದವ್ರೋ."

ನನಗೆ ಮೊದಲಿನಿಂದಲೂ ನಾಲಿಗೆ ಮುಂದು, ಬುದ್ಧಿ ಹಿಂದು. ನೇರ ಅಡುಗೆಮನೆಗೆ ಹೋಗಿ ಅತ್ತೆಯ ಮುಂದೆ ನಿಂತೆ. "ಗಂಡ ಹೆಂಡ್ತಿ ಸೇರದು ಬ್ಯಾಡ್ವಾ ನಿಮ್ಗೆ? ಅಮ್ಮ ಅಂತ ನೆಪ ಯಾಕೆ?" ಎಂದುಬಿಟ್ಟೆ. ಬೈಗುಳ ಬೀಳುತ್ತದೆಂದು ಕಾದೆ. ಬೀಳಲಿಲ್ಲ. ಅತ್ತೆ ಒಲೆಯಿಂದ ಕೊಳ್ಳಿ ಹಿಂದಕ್ಕೆಳೆದು, ಮಣೆಯ ಮೇಲೆ ಕೂತರು.

ಅತ್ತೆಯ ಮುಖದ ತುಂಬ ಸಿಡುಬಿನ ಗುಳಿಗಳಿದ್ದವು. ನಾನು ಆ ಮನೆಗೆ ಬಂದ ದಿನದಿಂದ ನೋಡುತ್ತಲೇ ಇದ್ದೆ, ಯಾವಾಗ ಬಂತು ಎಂದು ಕೇಳಿರಲಿಲ್ಲ. ಅವತ್ತು ಅವರೇ ಹೇಳಿದರು. ನಮ್ಮ ಯಜಮಾನರಿಗಿಂತ ಚಿಕ್ಕವಳು, ಕೆಂಪಿ ಅಂತ ಒಬ್ಬಳು ಮಗಳಿದ್ದಳು. ಅವಳಿಗೆ ಅಮ್ಮ ಬಂದಾಗ ಮಾವನವರು ಊರಲ್ಲಿರಲಿಲ್ಲ. ಮಗುವಿನ ಜ್ವರ ನೋಡಲಾರದೆ, ಯಾರ ಮಾತೂ ಕೇಳದೆ, ಅತ್ತೆ ಅವಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಇದೇ ಹೊಳೆ ದಾಟಿ ಸೋಮವಾರಪೇಟೆಯ ಆಸ್ಪತ್ರೆಗೆ ನಡೆದರು. ಅರ್ಧ ದಾರಿಯಲ್ಲಿ ಮಗು ಹೋಯಿತು. ತಿರುಗಿ ಬಂದ ಮೇಲೆ ಅತ್ತೆಗೂ ಅಮ್ಮ ಎದ್ದಳು. ಹೊಳೆ ದಾಟಿಸಿ ಮಗಳನ್ನು ಕೊಂದಳು ಎಂದು ಊರು ಆಡಿಕೊಂಡಿತು.

"ಊರು ಅಂದಿದ್ದು ಬುಡು," ಎಂದರು ಅತ್ತೆ. "ನಂಗೇ ಹಂಗನ್ಸದೆ. ಇವ್ಳೂ ನನ್ ಮಗ್ಳೇ ಅಲ್ವೇನೆ? ಇವ್ಳನ್ನೂ ದಾಟಿಸ್ಲಾ?"

ನಾನು ಹೊರಗೆ ಬಂದೆ. ಜಗಳ ಆಡಬೇಕೆಂದು ಹೋದವಳಿಗೆ ಅಳು ಬಂದರೆ ಎಲ್ಲಿ ನಿಲ್ಲಬೇಕೆಂದೇ ತಿಳಿಯುವುದಿಲ್ಲ. ಕೊಟ್ಟಿಗೆಗೆ ಹೋಗಿ ಎಮ್ಮೆಗೆ ಒಂದಷ್ಟು ಹುಲ್ಲು ಹಾಕಿದೆ. ಅದಕ್ಕೆ ಆಗಲೇ ಹಾಕಿಯಾಗಿತ್ತು.

ಇನ್ನೂ ಎರಡು ದಿನ ಹಾಗೇ ಹೋದವು. ಮೂರನೆಯ ದಿನ ಬೆಳಿಗ್ಗೆ ಕುಟ್ಟಪ್ಪನ್ ಆಚೆ ಎಸ್ಟೇಟಿನ ಕೂಲಿಯವರ ಲೈನುಮನೆಗಳಲ್ಲಿ ದಾಕು ಹಾಕಲು ನಮ್ಮ ಅಂಗಳದ ಮೇಲೆ ಹೋಗುತ್ತಿದ್ದ. ಅತ್ತೆ ಅವನನ್ನು ಕರೆದರು. ಕರೆದದ್ದು ಮಜ್ಜಿಗೆಗೆ ಎಂದುಕೊಂಡು ಅವನು ಚೀಲ ಇಳಿಸಿ ಜಗಲಿಯಲ್ಲಿ ಕೂತ. ಅತ್ತೆ ಕುಪ್ಪಸದ ತೋಳು ಮೇಲೆ ಮಾಡಿ ಅವನ ಮುಂದೆ ಕೈ ಚಾಚಿದರು.

"ನಂಗೂ ಹಾಕು."

ಅವನು ಅತ್ತೆಯ ಮುಖದ ಗುಳಿಗಳನ್ನು ನೋಡಿದ, ತೋಳನ್ನು ನೋಡಿದ. "ಅಮ್ಮಾ, ನಿಮಗೆ ಇದು..." ಎಂದು ಏನೋ ಹೇಳಹೊರಟ.

"ಹಾಕು ಅಂದ್ನಲ್ಲಪ್ಪ."

ಅವನು ಎಂದಿನಂತೆ ಕಣ್ಣು ಮುಚ್ಚಿ ಹಾಕಿದ. ಎಷ್ಟೋ ವರ್ಷ ದಾಕಿನವರನ್ನು ಕಂಡರೆ ತೋಟಕ್ಕೆ ಓಡುತ್ತಿದ್ದ ಹೆಂಗಸು ಮಿಸುಕದೆ ಕೂತಿದ್ದರು. ಆಮೇಲೆ ಎದ್ದು ಪಾರ್ವತಕ್ಕನ ಹತ್ತಿರ ಬಂದು, ಅವಳ ತೋಳಿನ ಮುಂದೆ ಕೈ ಮುಗಿದು ನಿಂತರು. "ತಾಯಿ, ಇದೇ ಮನೇಲಿ ಇರು. ಇಕಾ, ನನ್ ಮೈಮ್ಯಾಲೆ ಜಾಗ ಮಾಡಿವ್ನಿ. ಎಷ್ಟು ದಿನ ಬೇಕಾರೂ ಇರು. ಇವ್ಳು ಗಂಡನ್ ತಾವ್ಕೆ ಹೋಗೋಳು, ಇವ್ಳನ್ನ ಬುಟ್ಬುಡು." ಪಾರ್ವತಕ್ಕ ಅತ್ತೆಯ ಕಾಲ ಮೇಲೆ ಬಿದ್ದು ಅತ್ತಳು. ಕುಟ್ಟಪ್ಪನ್ ಚೀಲ ಎತ್ತಿಕೊಂಡು ಮಜ್ಜಿಗೆಯನ್ನೂ ಕೇಳದೆ ಹೊರಟುಹೋದ.

ಮರುದಿನವೇ ಪ್ರಯಾಣ. ಅಮ್ಮ ಈಗ ತಮ್ಮ ಮೈಮೇಲೆ ಇರುವುದರಿಂದ ಅತ್ತೆ ಹೊಸಿಲು ದಾಟುವಂತಿರಲಿಲ್ಲ. ಒಳಗೇ ನಿಂತು ಪಾರ್ವತಕ್ಕನಿಗೆ ಮಡಿಲು ತುಂಬಿದರು. "ನೀರು ಬದ್ಲಾಯ್ತದೆ, ಕಾಯ್ಸಿ ಕುಡಿ. ಅವ್ನು ಸಿಟ್ಟಿನೋನು, ಉಣ್ಣಕಿಕ್ಕಿ ಆಮೇಲೆ ಮಾತಾಡು," ಎಂದರು. ಅಷ್ಟೇ. ನಾನು ಬಸ್ಸಿನವರೆಗೆ ಹೋದೆ. ಕಾಲುಸಂಕದ ನಡುವೆ ಪಾರ್ವತಕ್ಕ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು. ಅವಳಿಗೂ ಹೆದರಿಕೆ ಇತ್ತೆಂದು ನನಗೆ ಆಗ ತಿಳಿಯಿತು. ಆಚೆ ದಡಕ್ಕೆ ಹೋಗಿ ತಿರುಗಿ ನೋಡಿದರೆ ಬಾಗಿಲ ಕತ್ತಲೆಯಲ್ಲಿ ಅತ್ತೆ ನಿಂತೇ ಇದ್ದರು.

ಆಮೇಲಿನ ದಿನಗಳನ್ನು ನನ್ನ ಹೊಟ್ಟೆ ಇನ್ನೂ ಮರೆತಿಲ್ಲ. ಒಗ್ಗರಣೆ ಇಲ್ಲದ ಸಾರು, ಒಗ್ಗರಣೆ ಇಲ್ಲದ ಪಲ್ಯ, ಮೇಲೆ ಮಜ್ಜಿಗೆ. ಪಕ್ಕದ ಮನೆಯಿಂದ ಸಾಸಿವೆ ಸಿಡಿಯುವ ವಾಸನೆ ಬಂದರೆ ನಾನು ಕೆಲಸವಿಲ್ಲದಿದ್ದರೂ ಬೇಲಿಯ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಅತ್ತೆ ತಲೆ ಬಾಚಲಿಲ್ಲ, ಅಂಗಳಕ್ಕೆ ಇಳಿಯಲಿಲ್ಲ, ಯಾರೊಡನೆಯೂ ಹೆಚ್ಚು ಮಾತಾಡಲಿಲ್ಲ. ಎಡತೋಳನ್ನು ಸೆರಗಿನಲ್ಲಿ ಸುತ್ತಿಕೊಂಡೇ ಇರುತ್ತಿದ್ದರು. ಬೊಕ್ಕೆ ಎಷ್ಟು ದಪ್ಪ ಎದ್ದಿದೆ, ತೋರಿಸಿ ಎಂದರೆ, "ಅಮ್ಮನ್ನ ಹಂಗೆಲ್ಲ ಇಣುಕಿ ನೋಡ್ಬಾರ್ದು," ಎಂದು ಗದರಿಸುತ್ತಿದ್ದರು. ಊಟ ಅರ್ಧಕ್ಕೇ ಬಿಡುತ್ತಿದ್ದರು. ದಾಕಿನ ಜ್ವರವಿರಬೇಕೆಂದು ನಾನು ಎಣಿಸಿದೆ. ಯಜಮಾನರು ಹಡಗು ಹತ್ತಿಸಿ ಬಂದು, ಮಂಡಪಂ ಕ್ಯಾಂಪಿನಲ್ಲಿ ತೋಳು ನೋಡಿ ಚೀಟಿ ನೋಡಿ ಬಿಟ್ಟರು ಎಂದಾಗಲೂ ಅತ್ತೆಯ ಮುಖ ಅರಳಲಿಲ್ಲ. "ಆಚೆ ದಡ ಮುಟ್ಟಿದ್ದು ನೋಡುದ್ಯಾ?" ಎಂದು ಕೇಳಿದರು. ಈ ದಡದಿಂದಲೇ ತಿರುಗಿದವರು ಅದನ್ನು ಹೇಗೆ ನೋಡುತ್ತಾರೆ?

ಕೊನೆಗೆ ಭಾವನ ಕಾಗದ ಬಂತು. ಇದು ಕನ್ನಡದ್ದಾದ್ದರಿಂದ ನಾನು ಅರ್ಥದ ಸಮೇತ ಓದಿದೆ. ಪಾರ್ವತಿ ಸುಖವಾಗಿ ಬಂದು ಸೇರಿದಳು. ದಡದಲ್ಲಿ ಯಾವ ತಕರಾರೂ ಆಗಲಿಲ್ಲ. ಜ್ವರ ನಿಂತಿದೆ, ತೋಳಿನ ಹಕ್ಕಳೆ ಉದುರಿದೆ, ಇಲ್ಲಿಯ ಚಳಿ ಅವಳಿಗೆ ಒಗ್ಗಿದೆ. ಅತ್ತೆ ಇನ್ನೊಂದು ಸಲ ಓದಿಸಿದರು. ಆಮೇಲೆ ತೋಳಿನ ಮೇಲಿದ್ದ ಸೆರಗನ್ನು ತೆಗೆದು ನನ್ನ ಮುಂದೆ ಹಿಡಿದರು. ತೋಳಿನ ಮೇಲೆ ಏನೂ ಇರಲಿಲ್ಲ. ಬೊಕ್ಕೆಯೂ ಇಲ್ಲ, ಹಕ್ಕಳೆಯೂ ಇಲ್ಲ, ಸೂಜಿ ಕೆರೆದ ಗೀರು ಕೂಡ ಮಾಯವಾಗಿತ್ತು. ಒಮ್ಮೆ ಸಿಡುಬು ಬಂದುಹೋದ ಮೈಗೆ ದಾಕು ಏಳುವುದಿಲ್ಲ ಎಂಬುದು ನನಗೆ ಬಹಳ ಕಾಲದ ಮೇಲೆ ಗೊತ್ತಾಯಿತು. ಕುಟ್ಟಪ್ಪನ್ ಹೇಳಹೊರಟದ್ದು ಅದನ್ನೇ ಇರಬೇಕು.

"ಏಳ್ನೇ ಇಲ್ಲ ಕಣೆ," ಎಂದರು ಅತ್ತೆ. "ಅವ್ಳು ಹೋದ್ ನಾಕ್ ದಿನಕ್ಕೇ ಗೊತ್ತಾಯ್ತು ನಂಗೆ, ಅಮ್ಮ ಇಲ್ಲಿ ನಿಂತಿಲ್ಲ, ಅವ್ಳ ಜೊತೇಲೇ ಹೋಗವ್ಳೆ ಅಂತ. ಯಾರ್ಗೆ ಹೇಳ್ಲಿ? ದಿನಾ ಸಾಯ್ತಿದ್ದೆ."

ನಾನು ಅವರ ಪಕ್ಕದಲ್ಲಿ ಕೂತೆ. ಅತ್ತೆ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ಓದು ಬಾರದಿದ್ದರೂ ಅದನ್ನೇ ನೋಡುತ್ತಿದ್ದರು.

"ಅಮ್ಮ ಮೈಮ್ಯಾಲಿದ್ದಂಗೇ ಪಾರ್ವತಿ ಹೊಳೇನೂ ದಾಟವ್ಳೆ, ಕಡ್ಲೂ ದಾಟವ್ಳೆ. ಏನೂ ಆಗ್ಲಿಲ್ಲ," ಎಂದರು. ನನ್ನ ಕಡೆ ತಿರುಗಿದರು. "ಹಂಗಾರೆ ನನ್ ಕೆಂಪಿ ಹೋಗಿದ್ದು ನಾನು ಹೊಳೆ ದಾಟ್ಸಿದ್ದಕ್ಕಲ್ಲ. ಅಲ್ವೇನೆ?"

"ಅಲ್ಲ ಅತ್ತೆ," ಎಂದೆ.

"ಇನ್ನೊಂದ್ಸಲ ಹೇಳು," ಎಂದರು.

ಹೇಳಿದೆ.